ಅಪ್ಪನ ಷೇರಿಗೆ ತಡೆಯಾಜ್ಞೆ: ಯಾರನ್ನು ತಡೆಯಬೇಕು, ಎಲ್ಲಿ ಕೇಳಬೇಕು

ಮಲೆನಾಡಿನಲ್ಲಿ ಪಾಲಿನ ಜಗಳವೆಂದರೆ ಅಡಿಕೆ ತೋಟ, ಗದ್ದೆ, ಸೊಪ್ಪಿನಬೆಟ್ಟ, ಹಳೆಯ ಮನೆಯ ಅರ್ಧ ಜಗಲಿ. ಶಿವಮೊಗ್ಗದ ಬಾಲರಾಜ ಅರಸ್ ರಸ್ತೆಯ ನ್ಯಾಯಾಲಯದಲ್ಲಿ ಸಿವಿಲ್ ವಕೀಲಳಾಗಿ ನಾನು ಹೊತ್ತು ತಿರುಗಿದ ಕಡತಗಳಲ್ಲಿ ಮುಕ್ಕಾಲು ಪಾಲು ಇವೇ. ಆದರೆ ಅಡಿಕೆ ಮಂಡಿ, ಅಕ್ಕಿ ಗಿರಣಿ, ಗೋದಾಮು ನಡೆಸುತ್ತಿದ್ದ ಹಿರಿಯರು ಕೆಲವರು ಲೆಕ್ಕಪರಿಶೋಧಕರ ಮಾತು ಕೇಳಿ ವ್ಯಾಪಾರವನ್ನು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಂಡಿದ್ದರಲ್ಲ, ಅದರ ಫಲ ಈಗ ಒಂದೊಂದಾಗಿ ನನ್ನ ಮೇಜಿಗೆ ಬರುತ್ತಿದೆ. ಅಪ್ಪ ತೀರಿಕೊಂಡಿರುತ್ತಾರೆ, ವೈಕುಂಠ ಸಮಾರಾಧನೆ ಮುಗಿದಿರುತ್ತದೆ, ಕಂಪನಿಯ ಕಾಗದಗಳೆಲ್ಲ ದೊಡ್ಡಣ್ಣನ ಬೀರುವಿನಲ್ಲಿರುತ್ತವೆ. ತಂಗಿ ಬಂದು ನನ್ನೆದುರು ಕುಳಿತು ಹೇಳುವುದು ಒಂದೇ ಮಾತು: “ಮೇಡಂ, ಒಂದು ಸ್ಟೇ ತಂದುಕೊಡಿ.”

ಯಾರ ಮೇಲೆ, ಯಾವ ಕೆಲಸಕ್ಕೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಆ ಎರಡು ಪ್ರಶ್ನೆಗೆ ಉತ್ತರ ಇಟ್ಟುಕೊಂಡು ವಕೀಲರ ಬಳಿಗೆ ಹೋಗಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗಳನ್ನು ಹಲವು ಕಡತಗಳಿಂದ ಕಲಸಿ ತೆಗೆದಿದ್ದೇನೆ. ಇದು ಯಾರ ಮನೆಯ ಕಥೆ ಎಂದು ಹುಡುಕಲು ಹೋಗಬೇಡಿ.

ಜಮೀನಿನ ಮೇಲೆ ದಾವೆ ಹೂಡಿದ ನಂತರ ಅಣ್ಣ ಅದನ್ನು ಮಾರಿದರೂ ಕೊಂಡವನು ದಾವೆಯ ತೀರ್ಪಿಗೆ ಬದ್ಧನಾಗಿರುತ್ತಾನೆ. ಸ್ವತ್ತು ವರ್ಗಾವಣೆ ಕಾಯ್ದೆಯ 52ನೇ ಕಲಮಿನ ರಕ್ಷಣೆ ಅದು. ಹಾಗಾಗಿ ತೋಟದ ದಾವೆಯಲ್ಲಿ ತಡೆಯಾಜ್ಞೆ ಸ್ವಲ್ಪ ತಡವಾದರೂ ತೋಟ ಎಲ್ಲಿಗೂ ಹೋಗುವುದಿಲ್ಲ. ಆದರೆ ಆ ಕಲಮು ಸ್ಥಿರಾಸ್ತಿಗೆ ಮಾತ್ರ ಅನ್ವಯಿಸುತ್ತದೆ. ಕಂಪನಿಯ ಷೇರು ಚರಾಸ್ತಿ. 2013ರ ಕಂಪನಿ ಕಾಯ್ದೆಯ 44ನೇ ಕಲಮು ಹಾಗೆಂದು ನೇರವಾಗಿ ಹೇಳಿದೆ. ದಾವೆ ನಡೆಯುತ್ತಿರುವಾಗಲೇ ಷೇರು ಮೂರನೆಯವರ ಹೆಸರಿಗೆ ಹೋಗಿ, ಅವರು ತಾವು ಏನೂ ತಿಳಿಯದೆ ಹಣ ಕೊಟ್ಟು ಕೊಂಡವರೆಂದು ಹೇಳಿ ನಿಂತರೆ ಅದನ್ನು ಹಿಂದಕ್ಕೆ ತರುವುದು ವರ್ಷಗಟ್ಟಲೆಯ ಹೆಣಗಾಟ. ಷೇರಿನ ದಾವೆಯ ಜೀವವಿರುವುದೇ ಮೊದಲ ವಾರದ ತಡೆಯಾಜ್ಞೆಯಲ್ಲಿ.

ಮೊದಲು ಅದು ಕಂಪನಿಯೇ ಎಂದು ನೋಡಿ

ನಗೆ ಬರಬಹುದು, ಆದರೆ ಇಲ್ಲಿಂದಲೇ ಶುರು ಮಾಡಬೇಕು. “ಅಪ್ಪನ ಕಂಪನಿ” ಎಂದು ಮನೆಯವರು ಕರೆಯುವುದರಲ್ಲಿ ಅರ್ಧಕ್ಕರ್ಧ ಪಾಲುದಾರಿಕೆ ಸಂಸ್ಥೆಗಳು. ಅದರಲ್ಲಿ ಷೇರು ಎಂಬುದೇ ಇಲ್ಲ. ಪಾಲುದಾರ ಸತ್ತರೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ಸಂಸ್ಥೆ ವಿಸರ್ಜನೆಯಾಗುತ್ತದೆ. ವಾರಸುದಾರರು ಕೇಳಬೇಕಾದದ್ದು ಲೆಕ್ಕ. ಇನ್ನು ಮಾಮ್ಕೋಸ್‌ನಂಥ ಸಹಕಾರ ಸಂಘದ ಷೇರು ನಮ್ಮ ಕಡೆಯ ಅಡಿಕೆ ಬೆಳೆಗಾರರ ಮನೆಗಳಲ್ಲಿ ಸಾಮಾನ್ಯ. ಅದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಗೆ ಸೇರಿದ್ದು, ಅದರ ದಾರಿಯೇ ಬೇರೆ. ಈ ಬರಹ ಅವೆರಡಕ್ಕೂ ಅನ್ವಯಿಸುವುದಿಲ್ಲ.

ಕಂಪನಿಯೇ ಹೌದಾದರೆ ಮುಂದಿನ ಭ್ರಮೆಯನ್ನೂ ಈಗಲೇ ಬಿಡಿಸಿಕೊಳ್ಳಿ. ಎಪಿಎಂಸಿ ಹತ್ತಿರದ ಗೋದಾಮು, ಎರಡು ಲಾರಿ, ಅದರೊಳಗಿನ ರಾಶಿ, ಬೆಟ್ಟೆ, ಗೊರಬಲು ಮೂಟೆಗಳು ಇವೆಲ್ಲ ಕಂಪನಿಯ ಹೆಸರಿನಲ್ಲಿದ್ದರೆ ಅವು ಅಪ್ಪನ ಆಸ್ತಿಯಲ್ಲ. ಷೇರುದಾರನಿಗೆ ಕಂಪನಿಯ ಸ್ವತ್ತಿನಲ್ಲಿ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 1955ರಲ್ಲಿ ವರದಿಯಾದ ಬಾಚಾ ಗುಜ್ದಾರ್ ಪ್ರಕರಣದಲ್ಲೇ ಹೇಳಿದೆ. ಅಪ್ಪ ಬಿಟ್ಟುಹೋದದ್ದು ಷೇರು ಮಾತ್ರ. ಗೋದಾಮಿನ ಮೇಲೆ ತಡೆಯಾಜ್ಞೆ ಕೇಳಿದ ಅರ್ಜಿ ಮೊದಲ ಆಕ್ಷೇಪಣೆಗೇ ಉರುಳುತ್ತದೆ. ಉರುಳಿದ ಅರ್ಜಿಯ ಪಕ್ಕದಲ್ಲಿ ನಿಂತ ಒಳ್ಳೆಯ ಅರ್ಜಿಗೂ ನ್ಯಾಯಾಧೀಶರ ಮನಸ್ಸಿನಲ್ಲಿ ಸಂಶಯದ ನೆರಳು ಬೀಳುತ್ತದೆ. ನಿರ್ದೇಶಕನ ಸ್ಥಾನವೂ ಹಾಗೆಯೇ, ಅದು ಆನುವಂಶಿಕವಲ್ಲ. “ಅಪ್ಪನ ಜಾಗಕ್ಕೆ ನಾನು ಡೈರೆಕ್ಟರ್” ಎಂದು ಅಣ್ಣ ಹೇಳಿದರೆ ಅದು ವಾರಸಿನಿಂದ ಬಂದ ಹಕ್ಕಲ್ಲ. ತಂಗಿ ಹೇಳಿದರೂ ಅಷ್ಟೇ.

ಪಾಲಿನ ಲೆಕ್ಕ

ಕಂಪನಿಯ ಒಟ್ಟು 10,000 ಷೇರುಗಳಲ್ಲಿ ಅಪ್ಪನ ಹೆಸರಿನಲ್ಲಿ 4,000 ಇದ್ದವು, ಅವೆಲ್ಲ ಸ್ವಯಾರ್ಜಿತ, ಉಯಿಲು ಇಲ್ಲ ಎಂದಿಟ್ಟುಕೊಳ್ಳಿ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಇದ್ದಾರೆ. ತಲಾ 1,000 ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ತೀರ್ಥಹಳ್ಳಿಯ ಹಳೆಯ ಮನೆಯಲ್ಲಿ ಒಳಕೋಣೆಯಲ್ಲಿ ಮಲಗಿರುವ ಅಜ್ಜಿಯನ್ನು, ಅಂದರೆ ತೀರಿಕೊಂಡವರ ತಾಯಿಯನ್ನು, ಯಾರೂ ಎಣಿಸುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಡಿ ಆಕೆಯೂ ಮೊದಲ ವರ್ಗದ ವಾರಸುದಾರಳು. ಆದ್ದರಿಂದ ಪಾಲು ಐದು, ತಲಾ 800. ಅಜ್ಜಿಯನ್ನು ಕಕ್ಷಿಗಾರಳನ್ನಾಗಿ ಮಾಡದ ದಾವೆಗೆ ಅಗತ್ಯ ಪಕ್ಷಕಾರರು ಇಲ್ಲ ಎಂಬ ಆಕ್ಷೇಪ ಗ್ಯಾರಂಟಿ. ಮೊದಲೇ ತೀರಿಕೊಂಡ ಮಗನಿದ್ದರೆ ಅವನ ಹೆಂಡತಿ ಮಕ್ಕಳನ್ನೂ ಮರೆಯಬೇಡಿ.

ಷೇರು ಕೊಂಡದ್ದು ಪಿತ್ರಾರ್ಜಿತ ತೋಟದ ಆದಾಯದಿಂದ ಎಂದು ತೋರಿಸಲು ಸಾಧ್ಯವಿದ್ದರೆ ಲೆಕ್ಕ ಬದಲಾಗುತ್ತದೆ. 2005ರ ತಿದ್ದುಪಡಿ ಮತ್ತು ಅದರ ಮೇಲೆ 2020ರ ಆಗಸ್ಟ್‌ನಲ್ಲಿ ಬಂದ ವಿನೀತಾ ಶರ್ಮಾ ತೀರ್ಪಿನ ನಂತರ ಮಗಳೂ ಹುಟ್ಟಿನಿಂದಲೇ ಕೂಡುಕುಟುಂಬದ ಆಸ್ತಿಯಲ್ಲಿ ಸಹಭಾಗಿ. ಮದುವೆಯಾದ ಹೊಸತರಲ್ಲಿ ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಹಣ ಕೊಟ್ಟು ಬರೆಸಿಕೊಂಡ ಹಕ್ಕು ಬಿಡುಗಡೆ ಪತ್ರವೇನಾದರೂ ಇದ್ದರೆ ಅದನ್ನು ನಿಮ್ಮ ವಕೀಲರಿಗೆ ಮೊದಲ ದಿನವೇ ತೋರಿಸಿ. ಅದರಲ್ಲಿ ಸರ್ವೆ ನಂಬರುಗಳಷ್ಟೇ ಇವೆಯೇ, ಅಥವಾ “ಸಮಸ್ತ ಸ್ಥಿರ ಚರ ಸ್ವತ್ತು” ಎಂಬ ಸಾಲೂ ಇದೆಯೇ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಮೊದಲೇ ತೋರಿಸದಿದ್ದರೆ ಅದು ಎದುರಿನವರ ಆಕ್ಷೇಪಣೆಯ ಜೊತೆ ಬರುತ್ತದೆ, ಆಗ ನಿಮ್ಮ ಮುಖ ನೋಡಲಾಗುವುದಿಲ್ಲ.

ನಾಮಿನಿ ಎಂಬ ಬೆದರಿಕೆಗೆ ಹೆದರಬೇಡಿ. “ಅಪ್ಪ ನನ್ನನ್ನೇ ನಾಮಿನಿ ಮಾಡಿದ್ದಾರೆ, ಷೇರೆಲ್ಲ ನನ್ನದು” ಎಂಬ ವಾದ ಕೆಲವು ವರ್ಷ ಗಟ್ಟಿಯಾಗಿಯೇ ಓಡಾಡಿತು. 2023ರ ಡಿಸೆಂಬರ್‌ನಲ್ಲಿ ಶಕ್ತಿ ಯೆಜ್ದಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತೆರೆ ಎಳೆದಿದೆ: ನಾಮನಿರ್ದೇಶನ ಉತ್ತರಾಧಿಕಾರದ ಕಾನೂನನ್ನು ಮೀರುವುದಿಲ್ಲ, ನಾಮಿನಿ ಪೂರ್ಣ ಒಡೆಯನಲ್ಲ. ಆದರೆ ಒಂದು ಎಚ್ಚರ. ಕಂಪನಿ ನಾಮಿನಿಯ ಹೆಸರಿಗೆ ಷೇರು ದಾಖಲಿಸಬಹುದು, ದಾಖಲಾದ ಮೇಲೆ ಆತ ಮಾರಬಹುದು. ಕಾನೂನು ನಿಮ್ಮ ಕಡೆಗಿದೆ ಎಂಬ ಧೈರ್ಯದಲ್ಲಿ ಮನೆಯಲ್ಲಿ ಕುಳಿತರೆ ಷೇರು ಕಾಯುತ್ತ ಕೂರುವುದಿಲ್ಲ.

ಬೀರುವಿನ ಕೀಲಿ ಇಲ್ಲದೆ ಕಾಗದ ಕೂಡಿಸುವುದು

ಅಣ್ಣ ಕಾಗದ ತೋರಿಸುವುದಿಲ್ಲ ಎಂಬುದು ಸಾರ್ವತ್ರಿಕ ದೂರು. ತೋರಿಸದಿದ್ದರೆ ಬಿಡಲಿ. ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಆ ಕಂಪನಿಯ ಹೆಸರಿಗೆ 100 ರೂಪಾಯಿ ಶುಲ್ಕ ಕಟ್ಟಿದರೆ ಅದು ಸಲ್ಲಿಸಿದ ಸಾರ್ವಜನಿಕ ದಾಖಲೆಗಳನ್ನೆಲ್ಲ ನೋಡಬಹುದು. ದುರ್ಗಿಗುಡಿಯ ಯಾವುದಾದರೂ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೇಳಿದರೂ ತೆಗೆದುಕೊಡುತ್ತಾರೆ. ಬೇಕಾದವು ಇವು: ಎಂಜಿಟಿ-7 ಅಥವಾ ಸಣ್ಣ ಕಂಪನಿಯಾದರೆ ಎಂಜಿಟಿ-7ಎ ಎಂಬ ವಾರ್ಷಿಕ ವಿವರಪಟ್ಟಿಗಳು, ಹಿಂದಿನ ನಾಲ್ಕೈದು ವರ್ಷದವು, ಷೇರುದಾರರ ಪಟ್ಟಿಯ ಸಮೇತ, ಹೊಸ ಷೇರು ಹಂಚಿದ್ದರೆ ಪಿಎಎಸ್-3, ನಿರ್ದೇಶಕರು ಬದಲಾಗಿದ್ದರೆ ಡಿಐಆರ್-12, ಮತ್ತು ಕಂಪನಿಯ ನಿಯಮಾವಳಿ, ಆರ್ಟಿಕಲ್ಸ್ ಎನ್ನುತ್ತಾರಲ್ಲ, ಅದು.

ಈ ನಿಯಮಾವಳಿಯನ್ನು ಸಾವಧಾನವಾಗಿ ಓದಬೇಕು. ಷೇರು ಹೊರಗಿನವರಿಗೆ ಮಾರುವ ಮೊದಲು ಇತರ ಷೇರುದಾರರಿಗೆ ಕೊಡಬೇಕು ಎಂಬ ಕಟ್ಟು ಅದರಲ್ಲಿದ್ದರೆ ಅದು ಕಂಪನಿಯನ್ನೂ ಕಟ್ಟಿಹಾಕುತ್ತದೆ. ಅಪ್ಪ ಮತ್ತು ಚಿಕ್ಕಪ್ಪ ಜಗಲಿಯ ಮೇಲೆ ಕುಳಿತು ಛಾಪಾಕಾಗದದಲ್ಲಿ ಬರೆದುಕೊಂಡ ಒಪ್ಪಂದದಲ್ಲಿ ಮಾತ್ರ ಇದ್ದರೆ ಕಂಪನಿಗೆ ಅದರ ಹಂಗಿಲ್ಲ. 1992ರ ರಂಗರಾಜ್ ಪ್ರಕರಣ, ಅದೂ ಒಂದೇ ಮನೆತನದ ಎರಡು ಕವಲುಗಳ ಜಗಳವೇ, ಇದನ್ನು ಸ್ಪಷ್ಟ ಮಾಡಿತು.

ಕಾಗದ ಬಂದ ಮೇಲೆ ದಿನಾಂಕಗಳನ್ನು ಒಂದರ ಪಕ್ಕ ಒಂದು ಬರೆಯಿರಿ. ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯುತ್ತೇನೆ. ಅಪ್ಪ ಆಸ್ಪತ್ರೆಗೆ ಸೇರಿದ ದಿನ, ತೀರಿಕೊಂಡ ದಿನ, ಮಾರ್ಚ್ 31ರ ಷೇರುದಾರರ ಪಟ್ಟಿಯಲ್ಲಿ ಯಾರ ಹೆಸರಿತ್ತು ಎಂಬುದು, ವರ್ಗಾವಣೆಯ ಎಸ್‌ಎಚ್-4 ನಮೂನೆಯ ಮೇಲಿರುವ ದಿನಾಂಕ, ಅದಕ್ಕೆ ಕೊಂಡ ಮುದ್ರಾಂಕದ ದಿನಾಂಕ, ಆಡಳಿತ ಮಂಡಳಿ ಒಪ್ಪಿದ ಸಭೆಯ ದಿನಾಂಕ. ಎಸ್‌ಎಚ್-4 ಸಹಿಯಾದ 60 ದಿನದೊಳಗೆ ಕಂಪನಿಗೆ ತಲುಪಬೇಕು. ಅಪ್ಪ ಮಣಿಪಾಲದಲ್ಲಿ ಐಸಿಯುನಲ್ಲಿದ್ದ ವಾರದಲ್ಲಿ ಶಿವಮೊಗ್ಗದಲ್ಲಿ ಸಹಿ ಹಾಕಿದ್ದಾರೆ, ಮುದ್ರಾಂಕ ಮಾತ್ರ ಅವರು ತೀರಿಕೊಂಡ ಮೇಲೆ ಖರೀದಿಯಾಗಿದೆ ಎಂದಾದರೆ ಮೇಲ್ನೋಟದ ಪ್ರಕರಣ ಬೇಕಾದ್ದಕ್ಕಿಂತ ಹೆಚ್ಚೇ ಆಯಿತು. ವಾದದಲ್ಲಿ ಧ್ವನಿ ಏರಿಸುವ ಅಗತ್ಯವೇ ಬೀಳುವುದಿಲ್ಲ.

ಇದೇ ಹೊತ್ತಿನಲ್ಲಿ ಕಂಪನಿಯ ನೋಂದಾಯಿತ ಕಚೇರಿಗೆ ನೋಂದಣಿ ಸಹಿತ ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ ಹಾಕಿ: ಇಂಥವರು ತೀರಿಕೊಂಡಿದ್ದಾರೆ, ವಾರಸುದಾರರು ಇವರು, ನಮ್ಮ ಗಮನಕ್ಕೆ ತಾರದೆ ಷೇರು ಯಾರ ಹೆಸರಿಗೂ ದಾಖಲಿಸಬೇಡಿ. ಇದಕ್ಕೆ ತಡೆಯಾಜ್ಞೆಯ ಬಲವಿಲ್ಲ. ಆದರೆ ನಾಳೆ “ನಮಗೆ ಗೊತ್ತೇ ಇರಲಿಲ್ಲ” ಎನ್ನಲು ಯಾರಿಗೂ ಬಾಯಿರುವುದಿಲ್ಲ. ಷೇರು ಕಾಗದದ ಬದಲು ವಿದ್ಯುನ್ಮಾನ ರೂಪದಲ್ಲಿ, ಅಂದರೆ ಡಿಮ್ಯಾಟ್ ಖಾತೆಯಲ್ಲಿದ್ದರೆ ಅದೇ ಪತ್ರ ಖಾತೆಯಿರುವ ಬ್ಯಾಂಕಿಗೋ ದಲ್ಲಾಳಿ ಸಂಸ್ಥೆಗೋ ಹೋಗಲಿ.

ಇನ್ನೊಂದು ಕಡೆಯೂ ಕಣ್ಣಿಡಬೇಕು. ಅಣ್ಣ ಸದ್ದಿಲ್ಲದೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಡಿ ಉತ್ತರಾಧಿಕಾರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿರಬಹುದು. ಕಂಪನಿ ಕಾಯ್ದೆಯ 56ನೇ ಕಲಮಿನ ಪ್ರಕಾರ ಮೃತರ ಕಾನೂನುಬದ್ಧ ಪ್ರತಿನಿಧಿ ತಾನು ಷೇರುದಾರನಾಗಿ ದಾಖಲಾಗದೆಯೇ ಷೇರನ್ನು ನೇರವಾಗಿ ವರ್ಗಾಯಿಸಬಹುದು. ಹಾಗಾಗಿ ಆ ಪ್ರಮಾಣಪತ್ರ ಒಬ್ಬನ ಕೈಗೆ ಸಿಗುವುದು ಚಿಕ್ಕ ಸಂಗತಿಯಲ್ಲ. ಅದು ಒಡೆತನವನ್ನು ತೀರ್ಮಾನಿಸುವುದಿಲ್ಲ, ನಿಜ. ನೋಟಿಸು ಬಂದರೆ ಹಾಜರಾಗಿ ತಕರಾರು ಹಾಕಿ. ಕೊಡುವುದೇ ಆದರೆ 375ನೇ ಕಲಮಿನಂತೆ ಭದ್ರತೆ ಪಡೆದು ಕೊಡಿ ಎಂದು ಕೇಳಿ.

ಶಿವಮೊಗ್ಗವೋ, ಬೆಂಗಳೂರೋ?

ಕಕ್ಷಿದಾರರ ಹಣ ಹೆಚ್ಚು ಪೋಲಾಗುವುದು ಈ ಕವಲಿನಲ್ಲಿ. ಕಂಪನಿಯ ತಕರಾರುಗಳಿಗೆ 2016ರಿಂದ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ಇದೆ. ಕರ್ನಾಟಕಕ್ಕೆ ಅದರ ಪೀಠ ಬೆಂಗಳೂರಿನಲ್ಲಿದೆ. ನ್ಯಾಯಮಂಡಳಿಗೆ ಅಧಿಕಾರವಿರುವ ವಿಷಯದಲ್ಲಿ ಸಿವಿಲ್ ನ್ಯಾಯಾಲಯ ಕೈಹಾಕುವಂತಿಲ್ಲ, ತಡೆಯಾಜ್ಞೆಯನ್ನೂ ಕೊಡುವಂತಿಲ್ಲ ಎಂದು ಕಂಪನಿ ಕಾಯ್ದೆಯ 430ನೇ ಕಲಮು ಹೇಳುತ್ತದೆ. ಎದುರಿನ ವಕೀಲರು ಎದ್ದು ನಿಂತು ಮೊದಲು ಓದುವುದು ಇದನ್ನೇ.

ಉತ್ತರ ಹೀಗೆ. ಷೇರು ಯಾರಿಗೆ ಸೇರಬೇಕು, ಉಯಿಲು ನಿಜವೇ, ಮಗಳಿಗೆ ಎಷ್ಟು ಪಾಲು ಎಂಬ ಪ್ರಶ್ನೆಗಳು ಸಿವಿಲ್ ನ್ಯಾಯಾಲಯದವು. ಹಕ್ಕಿನ ಬಗ್ಗೆ ತಕರಾರಿಲ್ಲದಿದ್ದರೂ ಕಂಪನಿ ಹೆಸರು ದಾಖಲಿಸಲು ಒಪ್ಪದಿದ್ದರೆ, ಅಥವಾ ಕಾರಣವಿಲ್ಲದೆ ಹೆಸರು ತೆಗೆದಿದ್ದರೆ, ಅದು 58 ಮತ್ತು 59ನೇ ಕಲಮಿನಡಿ ನ್ಯಾಯಮಂಡಳಿಯ ಕೆಲಸ. 2019ರ ಶಶಿಪ್ರಕಾಶ್ ಖೇಮ್ಕಾ ತೀರ್ಪು ಅದನ್ನೇ ಗಟ್ಟಿ ಮಾಡಿತು. ಆಡಳಿತವೇ ದಬ್ಬಾಳಿಕೆಯದೆಂದು 241ನೇ ಕಲಮಿನಡಿ ಹೋಗಬೇಕಾದರೆ ಸಾಮಾನ್ಯವಾಗಿ ಹತ್ತನೇ ಒಂದು ಭಾಗದಷ್ಟು ಷೇರಾದರೂ ಬೇಕು, ಇಲ್ಲವೇ ಅರ್ಜಿದಾರರು ಸದಸ್ಯರ ಸಂಖ್ಯೆಯ ಹತ್ತನೇ ಒಂದು ಭಾಗ ಅಥವಾ ನೂರು ಮಂದಿ, ಯಾವುದು ಕಡಿಮೆಯೋ ಅಷ್ಟಾದರೂ ಇರಬೇಕು. ಷೇರಿನ ಲೆಕ್ಕ ಹಿಡಿದರೆ ನಮ್ಮ ಉದಾಹರಣೆಯ ಮಗಳಿಗೆ ಸಿಗುವ 800 ಷೇರು 10,000ಕ್ಕೆ ಶೇಕಡಾ 8. ತಾಯಿ ಜೊತೆ ನಿಂತರೆ ಶೇಕಡಾ 16 ಆಗುತ್ತದೆ. ಅಮ್ಮ ಯಾರ ಕಡೆ ಎಂಬುದು ಇಂಥ ದಾವೆಗಳಲ್ಲಿ ಭಾವನೆಯ ವಿಷಯವಷ್ಟೇ ಆಗಿ ಉಳಿಯುವುದಿಲ್ಲ.

ಮೃತ ಷೇರುದಾರನ ವಾರಸುದಾರರು ಕಂಪನಿಯ ಸದಸ್ಯರ ಪುಸ್ತಕದಲ್ಲಿ ಹೆಸರಿಲ್ಲದಿದ್ದರೂ ದಬ್ಬಾಳಿಕೆಯ ಅರ್ಜಿ ಹಾಕಬಹುದು ಎಂದು 1990ರಲ್ಲಿ ವರದಿಯಾದ ವರ್ಲ್ಡ್ ವೈಡ್ ಏಜೆನ್ಸೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದನ್ನು ನಂಬಿ ನೇರವಾಗಿ ಬೆಂಗಳೂರಿಗೆ ಓಡುವವರು 2020ರ ಜುಲೈನ ಅರುಣಾ ಓಸ್ವಾಲ್ ತೀರ್ಪನ್ನು ಓದಬೇಕು. ತಂದೆಯ ಷೇರಿಗೆ ತಾಯಿ ನಾಮಿನಿ. ನಾಲ್ಕನೇ ಒಂದು ಪಾಲು ತನ್ನದೆಂದು ಮಗ ದೆಹಲಿ ಹೈಕೋರ್ಟಿನಲ್ಲಿ ವಿಭಾಗದ ದಾವೆ ಹೂಡಿದ್ದರು, ಯಥಾಸ್ಥಿತಿಯ ಆದೇಶವೂ ಸಿಕ್ಕಿತ್ತು. ಜೊತೆಗೆ ನ್ಯಾಯಮಂಡಳಿಗೂ ಹೋದರು. ಹಕ್ಕು ಯಾರದೆಂಬುದೇ ಸಿವಿಲ್ ದಾವೆಯಲ್ಲಿ ಇತ್ಯರ್ಥವಾಗಬೇಕಿರುವಾಗ ಈ ಅರ್ಜಿ ನಿಲ್ಲದು ಎಂದು ಸುಪ್ರೀಂ ಕೋರ್ಟ್ ಅದನ್ನು ಕೈಬಿಟ್ಟಿತು. ಆದ್ದರಿಂದ ವಾರಸಿನ ಬಗ್ಗೆಯೇ ಜಗಳವಿದ್ದರೆ ನನ್ನ ಸಲಹೆ ಒಂದೇ: ಮೊದಲು ಬಾಲರಾಜ ಅರಸ್ ರಸ್ತೆ, ಬೆಂಗಳೂರಿನ ರೈಲು ಆಮೇಲೆ.

ಅರ್ಜಿಯಲ್ಲಿ ಏನು ಬರೆಸಬೇಕು

ದಾವೆ ವಿಭಾಗ ಮತ್ತು ಘೋಷಣೆಯದು. ಷೇರನ್ನು ಮಾತ್ರ ಹಿಡಿದು ತೋಟವನ್ನು ಬಿಟ್ಟರೆ ಭಾಗಶಃ ವಿಭಾಗವೆಂಬ ಆಕ್ಷೇಪ ಬರುತ್ತದೆ. ಆದ್ದರಿಂದ ಎ ಷೆಡ್ಯೂಲಿನಲ್ಲಿ ಜಮೀನು ಮನೆ, ಬಿ ಷೆಡ್ಯೂಲಿನಲ್ಲಿ ಷೇರು ಮತ್ತಿತರ ಚರಾಸ್ತಿ. ಜಮೀನಿಗೆ ಚಕ್ಕುಬಂದಿ ಬರೆಯುವ ಶ್ರದ್ಧೆಯಲ್ಲೇ ಷೇರಿಗೂ ಬರೆಯಬೇಕು: ಕಂಪನಿಯ ಪೂರ್ಣ ಹೆಸರು, 21 ಅಕ್ಷರದ ಗುರುತಿನ ಸಂಖ್ಯೆ, ನೋಂದಾಯಿತ ಕಚೇರಿ, ಫೋಲಿಯೋ ಸಂಖ್ಯೆ, ಪ್ರಮಾಣಪತ್ರದ ಸಂಖ್ಯೆ, ಷೇರುಗಳ ಕ್ರಮಸಂಖ್ಯೆ ಎಷ್ಟರಿಂದ ಎಷ್ಟರವರೆಗೆ, ಮುಖಬೆಲೆ. ಡಿಮ್ಯಾಟ್ ಆಗಿದ್ದರೆ 16 ಅಂಕಿಯ ಖಾತೆ ಸಂಖ್ಯೆ. “ಅಪ್ಪನ ಹೆಸರಿನ ಎಲ್ಲ ಷೇರುಗಳು” ಎಂದಷ್ಟೇ ಬರೆದ ಆದೇಶವನ್ನು ಕಂಪನಿಯ ಗುಮಾಸ್ತ ಹಿಂದೆ ಮುಂದೆ ತಿರುಗಿಸಿ ಪಕ್ಕಕ್ಕಿಡುತ್ತಾನೆ.

ಪ್ರತಿವಾದಿಗಳಲ್ಲಿ ಅಣ್ಣನೊಬ್ಬನೇ ಇದ್ದರೆ ಸಾಲದು. ಷೇರು ಕೈಬದಲಾಗುವುದು ಕಂಪನಿಯ ಸದಸ್ಯರ ಪುಸ್ತಕದಲ್ಲಿ ಬೀಳುವ ಒಂದು ಸಾಲಿನಿಂದ. ಆ ಪುಸ್ತಕ ಇಟ್ಟುಕೊಂಡಿರುವುದು ಕಂಪನಿ. ಕಂಪನಿಯನ್ನೂ, ಸಹಿ ಹಾಕುವ ನಿರ್ದೇಶಕರನ್ನೂ ಸೇರಿಸಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ 1 ಮತ್ತು 2ನೇ ನಿಯಮದಡಿ ಹಾಕುವ ಮಧ್ಯಂತರ ಅರ್ಜಿಯಲ್ಲಿ ಕೋರಿಕೆಗಳನ್ನು ಬಿಡಿಬಿಡಿಯಾಗಿ ಕೇಳಿ. ಅಣ್ಣ ಈ ಷೇರುಗಳನ್ನು ಮಾರಬಾರದು, ದಾನ ಕೊಡಬಾರದು, ಬ್ಯಾಂಕಿಗೆ ಅಡವಿಡಬಾರದು. ಅಡವಿನ ಮಾತನ್ನು ಬಹಳ ವಕೀಲರು ಬಿಡುತ್ತಾರೆ, ಹಾನಿಯಾಗುವುದು ಹೆಚ್ಚಾಗಿ ಅಲ್ಲೇ. ಕಂಪನಿ ಯಾವ ವರ್ಗಾವಣೆಯನ್ನೂ ಸದಸ್ಯರ ಪುಸ್ತಕದಲ್ಲಿ ನಮೂದಿಸಬಾರದು. ಲಾಭಾಂಶ ಘೋಷಣೆಯಾದರೆ ಈ 4,000 ಷೇರಿನ ಬಾಬ್ತು ನ್ಯಾಯಾಲಯದಲ್ಲಿ ಠೇವಣಿಯಾಗಬೇಕು.

ಇಷ್ಟರಿಂದಲೂ ಮುಗಿಯದ ಒಂದು ಅಪಾಯವಿದೆ. ಅಪ್ಪನ 4,000 ಷೇರನ್ನು ಯಾರೂ ಮುಟ್ಟದೆ, ಕಂಪನಿ ಹೊಸದಾಗಿ 30,000 ಷೇರು ಹೊರಡಿಸಿ ಅಣ್ಣನ ಹೆಂಡತಿಯ ಹೆಸರಿಗೆ ಕೊಟ್ಟರೆ? ಶೇಕಡಾ 40 ಇದ್ದದ್ದು ಶೇಕಡಾ 10ಕ್ಕೆ ಇಳಿಯಿತು, ಆದೇಶವೂ ಉಲ್ಲಂಘನೆಯಾಗಲಿಲ್ಲ. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ. ಆದ್ದರಿಂದ ಹೊಸ ಷೇರು ಹಂಚಿಕೆಯಿಂದ ಪಾಲಿನ ಪ್ರಮಾಣ ಕುಗ್ಗಿಸಬಾರದೆಂಬ ಕೋರಿಕೆಯನ್ನೂ ಸೇರಿಸಿ. ಇಲ್ಲಿ 430ನೇ ಕಲಮಿನ ಆಕ್ಷೇಪ ಬಲವಾಗಿ ಬರುತ್ತದೆ ಎಂಬುದೂ ಗೊತ್ತಿರಲಿ. ಅದಕ್ಕೇ ಈ ಕೋರಿಕೆಯನ್ನು ಬೇರೆ ಅರ್ಜಿಯಾಗಿ ಹಾಕಿಸುತ್ತೇನೆ, ಬಿದ್ದರೆ ಅದೊಂದೇ ಬೀಳಲಿ. ಕಂಪನಿಯ ಸಾಮಾನ್ಯ ಸಭೆಯನ್ನೇ ನಿಲ್ಲಿಸಿ ಎಂದು ಮಾತ್ರ ಕೇಳಬೇಡಿ. ಸಭೆ ಕರೆಯುವ ಷೇರುದಾರರ ಹಕ್ಕಿಗೆ ಅಡ್ಡಬರಲು ನ್ಯಾಯಾಲಯಗಳು ಒಪ್ಪುವುದು ಅಪರೂಪ. 1986ರ ಎಸ್ಕಾರ್ಟ್ಸ್ ತೀರ್ಪು ಇನ್ನೂ ನಿಂತಿದೆ.

ನ್ಯಾಯಾಧೀಶರು ನೋಡುವುದು ಮೂರನ್ನು: ಮೇಲ್ನೋಟಕ್ಕೆ ಹಕ್ಕಿದೆಯೇ, ತಡೆದರೆ ಯಾರಿಗೆ ಹೆಚ್ಚು ತೊಂದರೆ, ತಡೆಯದಿದ್ದರೆ ತುಂಬಲಾರದ ನಷ್ಟವಾಗುತ್ತದೆಯೇ. ಮೊದಲನೆಯದಕ್ಕೆ ವಂಶವೃಕ್ಷ, ಮರಣ ಪ್ರಮಾಣಪತ್ರ, ಷೇರುದಾರರ ಪಟ್ಟಿ ಸಾಕು. ಎರಡನೆಯದಕ್ಕೆ ಹೇಳಬೇಕಾದದ್ದು ಕಂಪನಿಯ ದೈನಂದಿನ ವ್ಯಾಪಾರಕ್ಕೆ ನಾವು ಅಡ್ಡಿ ಮಾಡುತ್ತಿಲ್ಲ, ಅಡಿಕೆ ಕೊಳ್ಳಲಿ ಮಾರಲಿ, ಷೇರು ಇದ್ದಲ್ಲೇ ಇರಲಿ ಎಂಬುದು. ಮೂರನೆಯದು ಕಷ್ಟ. “ದುಡ್ಡು ಕೊಟ್ಟರೆ ಸರಿಹೋಗುವ ನಷ್ಟ” ಎಂದು ಎದುರಿನವರು ವಾದಿಸುತ್ತಾರೆ. ಪಟ್ಟಿಯಾದ ದೊಡ್ಡ ಕಂಪನಿಯ ಷೇರಾದರೆ ಆ ವಾದದಲ್ಲಿ ಹುರುಳಿದೆ. ಮನೆಯ ಪ್ರೈವೇಟ್ ಕಂಪನಿಯ ಷೇರಿಗೆ ಮಾರುಕಟ್ಟೆ ಬೆಲೆ ಇಲ್ಲ, ಅಂಥದ್ದನ್ನು ಹೊರಗೆ ಕೊಳ್ಳಲಿಕ್ಕೂ ಸಿಗುವುದಿಲ್ಲ, ಕಂಪನಿಯ ಹತೋಟಿಯೇ ಅದರಲ್ಲಿದೆ ಎಂದು ಅರ್ಜಿಯ ಜೊತೆಗಿನ ಅಫಿಡವಿಟ್ಟಿನಲ್ಲಿ ಬಿಡಿಸಿ ಬರೆಯಿರಿ.

ಅಫಿಡವಿಟ್ಟಿನ ಬಗ್ಗೆ ನನಗೊಂದು ಸಿಟ್ಟಿದೆ. “ಪ್ರತಿವಾದಿಯು ದುರುದ್ದೇಶದಿಂದ ಷೇರುಗಳನ್ನು ಪರಭಾರೆ ಮಾಡಲು ಹವಣಿಸುತ್ತಿದ್ದಾನೆ” ಎಂಬ ಸಾಲು ಟೈಪಿಸ್ಟರ ಕಂಪ್ಯೂಟರಿನಲ್ಲಿ ಮೊದಲೇ ಕುಳಿತಿರುತ್ತದೆ. ಹೆಸರು ಬದಲಾಯಿಸಿದರೆ ಮುಗಿಯಿತು. ನ್ಯಾಯಾಧೀಶರು ಅದನ್ನು ದಿನಕ್ಕೆ ಹತ್ತು ಸಲ ಓದಿರುತ್ತಾರೆ. ಹವಣಿಕೆ ನಿಮಗೆ ಹೇಗೆ ಗೊತ್ತಾಯಿತು ಎಂಬುದನ್ನು ಬರೆಯಿರಿ. ಇಂಥ ದಿನ ಅಣ್ಣ ವಾಟ್ಸಾಪಿನಲ್ಲಿ “ಕಂಪನಿಯದೆಲ್ಲ ಸೆಟ್ಲ್ ಆಗಿದೆ, ನೀನು ತಲೆ ಹಾಕಬೇಡ” ಎಂದು ಕಳಿಸಿದ. ಇಂಥ ದಿನ ಭದ್ರಾವತಿಯ ವ್ಯಾಪಾರಿಯೊಬ್ಬರು ಭಾವನಿಗೆ ಫೋನು ಮಾಡಿ ಷೇರು ಕೊಳ್ಳುವ ಮಾತು ನಡೆದಿದೆ ಎಂದರು. ಸಂದೇಶದ ಮುದ್ರಿತ ಪ್ರತಿಯ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನೂ ಲಗತ್ತಿಸಿ. ಮತ್ತು ನಿಮಗೆ ಅನುಕೂಲವಲ್ಲದ್ದನ್ನೂ ಬರೆಯಿರಿ: ಅಪ್ಪ ಬದುಕಿದ್ದಾಗ ನಿಮಗೆ ಮನೆ ಕಟ್ಟಲು ಹಣ ಕೊಟ್ಟಿದ್ದರೆ ಅದು ನಿಮ್ಮ ಬಾಯಿಂದಲೇ ಬರಲಿ. ಮುಚ್ಚಿಟ್ಟದ್ದು ಬಯಲಾದರೆ ಆ ಕಾರಣಕ್ಕೇ ತಡೆಯಾಜ್ಞೆ ತೆರವಾಗುತ್ತದೆ.

ಆದೇಶ ಕೈಗೆ ಬಂದ ದಿನ

ಎದುರಿನವರಿಗೆ ನೋಟಿಸು ಕೊಡುವಷ್ಟರಲ್ಲಿ ಷೇರು ಹೋಗಿಬಿಡುತ್ತದೆ ಎಂದು ಮನವರಿಕೆಯಾದರೆ ನ್ಯಾಯಾಲಯ ಕಾರಣ ದಾಖಲಿಸಿ ಏಕಪಕ್ಷೀಯ ಆದೇಶ ಕೊಡುತ್ತದೆ. ಮೇ ತಿಂಗಳ ರಜೆಯಲ್ಲಿ ಇಂಥ ವರ್ಗಾವಣೆಗಳು ನಡೆಯುವುದು ನನಗೇನೂ ಆಶ್ಚರ್ಯವಲ್ಲ. ತುರ್ತು ಅರ್ಜಿಗೆ ರಜಾಕಾಲದ ನ್ಯಾಯಾಧೀಶರಿರುತ್ತಾರೆ, ಶಾಲೆ ತೆರೆಯುವವರೆಗೆ ಕಾಯಬೇಡಿ.

ಆದೇಶ ಸಿಕ್ಕಿತೆಂದು ಗಾಂಧಿ ಬಜಾರಿಗೆ ಹೋಗಿ ಸಿಹಿ ಕೊಳ್ಳುವ ಮೊದಲು ಅಂಚೆ ಕಚೇರಿಗೆ ಹೋಗಿ. 39ನೇ ಆದೇಶದ 3ನೇ ನಿಯಮದಂತೆ ಅರ್ಜಿ, ಅಫಿಡವಿಟ್, ವಾದಪತ್ರ, ದಾಖಲೆಗಳ ನಕಲನ್ನು ಎದುರಿನವರಿಗೆ ಕೂಡಲೇ ಕೊಡಬೇಕು ಇಲ್ಲವೇ ನೋಂದಾಯಿತ ಅಂಚೆಯಲ್ಲಿ ಕಳಿಸಬೇಕು; ಕಳಿಸಿದ್ದೇವೆ ಎಂಬ ಅಫಿಡವಿಟ್ಟನ್ನು ಅದೇ ದಿನ ಅಥವಾ ಮರುದಿನ ನ್ಯಾಯಾಲಯಕ್ಕೆ ಹಾಕಬೇಕು. ಇದನ್ನು ಮಾಡದ ಕಾರಣಕ್ಕೇ ತೆರವಾದ ಆದೇಶಗಳಿವೆ. ನಂತರ ದೃಢೀಕೃತ ನಕಲು ತೆಗೆದು ಕಂಪನಿಯ ಕಚೇರಿಗೆ ಖುದ್ದಾಗಿ ಹೋಗಿ, ಇನ್ನೊಂದು ಪ್ರತಿಯ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಅಂಚೆ, ಇಮೇಲ್ ಎರಡೂ ಮಾಡಿ. ಡಿಮ್ಯಾಟ್ ಆಗಿದ್ದರೆ ಖಾತೆಯಿರುವ ಸಂಸ್ಥೆಗೆ ಕೊಟ್ಟು ಷೇರುಗಳನ್ನು ಸ್ತಂಭನಗೊಳಿಸಿದ ಬಗ್ಗೆ ಬರಹದಲ್ಲಿ ಉತ್ತರ ಪಡೆಯಿರಿ.

ಏಕಪಕ್ಷೀಯ ಆದೇಶವಾದ ಮೇಲೆ 30 ದಿನದೊಳಗೆ ಅರ್ಜಿಯನ್ನು ಇತ್ಯರ್ಥ ಮಾಡಲು ನ್ಯಾಯಾಲಯ ಪ್ರಯತ್ನಿಸಬೇಕು ಎಂದು ನಿಯಮವಿದೆ. ಆದೇಶ ಕೈಯಲ್ಲಿದೆಯೆಂದು ವಾಯಿದೆ ಕೇಳುತ್ತ ಹೋಗಬೇಡಿ. ಎದುರಿನವರು ಅದನ್ನೇ ಹಿಡಿದು ಮೇಲ್ಮನವಿಗೆ ಹೋಗಬಹುದು.

ನೀವು ಅಣ್ಣನ ಕಡೆಯವರಾಗಿ ಇದನ್ನು ಓದುತ್ತಿದ್ದರೆ ನಿಮಗೂ ದಾರಿಯಿದೆ. ದಾವೆ ಬರುವ ಸುಳಿವಿದ್ದಾಗ ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಮಿನಡಿ ಕೇವಿಯಟ್ ಹಾಕಿಡಿ. 90 ದಿನ ನಿಮ್ಮನ್ನು ಕೇಳದೆ ಆದೇಶವಾಗುವುದಿಲ್ಲ, ಮುಗಿದ ಮೇಲೆ ಮತ್ತೆ ಹಾಕಬೇಕು. ಆದೇಶ ಆಗಿಬಿಟ್ಟಿದ್ದರೆ 39ನೇ ಆದೇಶದ 4ನೇ ನಿಯಮದಡಿ ತೆರವಿಗೆ ಅರ್ಜಿ, ಇಲ್ಲವೇ 43ನೇ ಆದೇಶದಡಿ ಮೇಲ್ಮನವಿ. ಆದರೆ ಆದೇಶ ತಪ್ಪೆಂದು ನಿಮಗೆ ನೀವೇ ತೀರ್ಮಾನಿಸಿ ಷೇರು ವರ್ಗಾಯಿಸಿದರೆ 39ನೇ ಆದೇಶದ 2ಎ ನಿಯಮದಡಿ ಆಸ್ತಿ ಜಪ್ತಿ, ಮೂರು ತಿಂಗಳವರೆಗೆ ಸಿವಿಲ್ ಸೆರೆ. ಯಾವ ಮಂಡಿಯೂ ಅಷ್ಟು ಬೆಲೆಬಾಳುವುದಿಲ್ಲ. ಅದಕ್ಕಿಂತ ಮಧ್ಯಸ್ಥಿಕೆ ಕೇಂದ್ರದಲ್ಲಿ ಕುಳಿತು, ತಂಗಿಯ ಷೇರಿಗೆ ಇಬ್ಬರೂ ಒಪ್ಪುವ ಲೆಕ್ಕಪರಿಶೋಧಕರಿಂದ ಬೆಲೆ ಕಟ್ಟಿಸಿ ಕೊಂಡುಕೊಳ್ಳುವುದು ಅಗ್ಗ.

ಕೊನೆಗೆ ಡಿಕ್ರಿಯಾದರೆ ತೋಟದಂತೆ ಅಳತೆ, ಕಮಿಷನರು, ಹದ್ದುಬಸ್ತಿನ ಗೋಳು ಷೇರಿಗಿಲ್ಲ. ಐದು ಪಾಲೆಂದರೆ ಐದು ಪಾಲು. ಡಿಕ್ರಿಯಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಷೇರಿನ ಸಂಖ್ಯೆ ಮತ್ತು ಕ್ರಮಸಂಖ್ಯೆ ನಮೂದಾಗಿದೆಯೇ ಎಂದು ಸಹಿಯಾಗುವ ಮೊದಲೇ ನೋಡಿ. ದೃಢೀಕೃತ ನಕಲಿನೊಂದಿಗೆ ಕಂಪನಿಗೆ ಹೆಸರು ದಾಖಲಿಸಲು ಕೊಟ್ಟರೆ ಒಂದು ತಿಂಗಳೊಳಗೆ ನಿಮ್ಮ ಹೆಸರಿನ ಪ್ರಮಾಣಪತ್ರ ಬರಬೇಕು. ಪ್ರೈವೇಟ್ ಕಂಪನಿ ನಿರಾಕರಿಸಿ ನೋಟಿಸು ಕೊಟ್ಟರೆ, ಅದು ಕೈಸೇರಿದ 30 ದಿನದೊಳಗೆ ನ್ಯಾಯಮಂಡಳಿಗೆ ಮೇಲ್ಮನವಿ ಹಾಕಬೇಕು. ಉತ್ತರವೇ ಬಾರದಿದ್ದರೆ ನೀವು ಕೊಟ್ಟ ದಿನದಿಂದ 60 ದಿನ. ಬೆಂಗಳೂರಿನ ರೈಲು ಹತ್ತಬೇಕಾದದ್ದು ಆಗ.